ಬೀಗದ ಹಿಂದಿನ ಮಕ್ಕಳು

ರೇಣುಕಾ, ಆ ಬಾಲವಾಡಿ ಯಾರಿಗೂ ತೆರೆಯಲಿಲ್ಲ. ನಿನಗೊಬ್ಬಳಿಗೆ ಮುಚ್ಚಿದ್ದಲ್ಲ ಅದು — ಫೋಟೋ ತೆಗೆಸಿದ ಒಂದು ಬೆಳಗನ್ನು ಬಿಟ್ಟರೆ ಯಾವ ಮಗುವಿಗೂ ಅದರ ಬಾಗಿಲು ತೆರೆಯಲಿಲ್ಲ. ನಿನ್ನ ಅವ್ವ ಜನನ ಪ್ರಮಾಣಪತ್ರ ತರಲಿಲ್ಲ, ಅದಕ್ಕೇ ನಿನ್ನನ್ನು ಹೊರಗೆ ನಿಲ್ಲಿಸಿದರು ಎಂದು ಇಷ್ಟು ವರ್ಷ ನಂಬಿಕೊಂಡು ಬಂದಿದ್ದೀಯಲ್ಲ, ಆ ಪ್ರಮಾಣಪತ್ರದ ಮಾತನ್ನು ಹುಟ್ಟಿಸಿದವಳು ನಾನು. ಕಾವಲುಗಾರನ ಬಾಯಲ್ಲಿ ಹೇಳಿಸಿದವಳೂ ನಾನೇ. ನಿನ್ನ ಅವ್ವನದು ಏನೇನೂ ತಪ್ಪಿಲ್ಲ.

ಇಷ್ಟನ್ನು ಮೊದಲೇ ಹೇಳಿ ಮುಗಿಸಿದೆ. ಏಕೆಂದರೆ ಬರೆಯುವುದರಲ್ಲಿ ನನ್ನದು ಪಳಗಿದ ಕೈ. ಯಾವುದನ್ನು ಮುಂದಿಡಬೇಕು, ಯಾವುದನ್ನು ಮೆಲ್ಲಗೆ ಹಿಂದೆ ಸರಿಸಬೇಕು — ಅದೇ ನನ್ನ ಹೊಟ್ಟೆಪಾಡು. ಸುತ್ತಿ ಬಳಸಿ ಹೇಳಲು ಕೂತರೆ ಕೊನೆಗೆ ನಿನಗೆ ನನ್ನ ಮೇಲೇ ಕನಿಕರ ಬರುವ ಹಾಗೆ ಬರೆದುಬಿಟ್ಟೇನು. ಆ ಭಯ ನನಗಿದೆ.

ನಾನು ಯಾರೆಂದು ನಿನಗೆ ಅರ್ಧ ಗೊತ್ತು. ಹೋದ ತಿಂಗಳು ವಿದ್ಯಾರ್ಥಿವೇತನದ ಸಂದರ್ಶನಕ್ಕೆ ಬಂದಿದ್ದೆಯಲ್ಲ, ಎದುರಿಗೆ ಕೂತಿದ್ದ ಮೂವರಲ್ಲಿ ನಡುವಿನವಳು, ನರೆತ ತಲೆ, ಹಣೆಯ ಮೇಲೆ ವಿಭೂತಿ — ಗಿರಿಜಾ ಮೇಡಂ. ಅತ್ತಿಬೆಲೆಯ ಈ ಕಾರ್ಖಾನೆಯಲ್ಲಿ ಕಾರುಗಳ ಒಳಗೆ ಹಾಕುವ ವೈರುಗಳನ್ನು ಜೋಡಿಸಿ ಕಟ್ಟುತ್ತಾರೆ. ನಾನು ಒಂದು ದಿನವೂ ವೈರು ಮುಟ್ಟಿದವಳಲ್ಲ. ಕಂಪನಿಯು ಸಮಾಜಕ್ಕೆ ಏನೇನು ಒಳ್ಳೆಯದು ಮಾಡಿತು ಎಂದು ವರ್ಷಕ್ಕೊಂದು ವರದಿ ಬರೆಯುವುದು ನನ್ನ ಕೆಲಸ. ಸಿಎಸ್ಆರ್ ರಿಪೋರ್ಟು ಅನ್ನುತ್ತೇವೆ. ಶಾಲೆಗೆ ಬೆಂಚು, ಕೆರೆಯ ಹೂಳು, ಕಣ್ಣಿನ ತಪಾಸಣೆ, ಪುಟಕ್ಕೊಂದು ನಗುವ ಮುಖ. ನಗದಿರುವ ಮುಖವನ್ನು ನಾನು ಯಾವತ್ತೂ ಅಚ್ಚಿಗೆ ಕಳಿಸಿಲ್ಲ.

ನೀನು ಎರಡು ವರ್ಷದ ಕೂಸಾಗಿದ್ದಾಗ ಇಲ್ಲಿ ಹೊಸ ಕಟ್ಟಡ ಏಳುತ್ತಿತ್ತು. ಯಾದಗಿರಿ ಕಡೆಯಿಂದ ಗುತ್ತಿಗೆದಾರನ ಜೊತೆ ಬಂದ ಸಂಸಾರಗಳು ಕಾಂಪೌಂಡಿನ ಹಿಂದೆ ತಗಡಿನ ಶೆಡ್ಡು ಹಾಕಿಕೊಂಡಿದ್ದವು. ನಿನ್ನ ಅಪ್ಪ ಕಂಬಿ ಕಟ್ಟುತ್ತಿದ್ದರು. ನಿನ್ನ ಅವ್ವ ಶರಣಮ್ಮ ಜಲ್ಲಿ ಹೊರುತ್ತಿದ್ದರು. ನಿನ್ನನ್ನು ನೋಡಿಕೊಳ್ಳಲೆಂದೇ ಅಜ್ಜಿ ಊರಿನಿಂದ ಬಂದು ಶೆಡ್ಡಿನಲ್ಲಿದ್ದರು. ಈಗ ‘ಅವರು’, ‘ಇದ್ದರು’ ಎಂದು ಬರೆಯುತ್ತಿದ್ದೇನೆ. ಆಗ ನಾನು ನಿನ್ನ ಅವ್ವನನ್ನು ಕರೆದದ್ದು, “ಏಯ್, ನೀನೇ ಕಣಮ್ಮ, ಮಗು ಎತ್ಕೊಂಡ್ ಬಾ ಇಲ್ಲಿ” ಅಂತ.

ಇಂಥ ವರದಿ ಬರೆಯಲೇಬೇಕೆಂಬ ಕಾನೂನು ಆಗ ಇನ್ನೂ ಬಂದಿರಲಿಲ್ಲ. ಆದರೆ ಹೊರದೇಶದ ಒಬ್ಬ ದೊಡ್ಡ ಗಿರಾಕಿ ನಮ್ಮ ಮಾಲು ನೋಡಿ ಮೆಚ್ಚಿದ್ದ, ದರ ಒಪ್ಪಿದ್ದ, ಕೊನೆಗೆ ಒಂದು ಪ್ರಶ್ನೆ ಇಟ್ಟಿದ್ದ — ನಿಮ್ಮ ಸುತ್ತಲಿನ ಜನಕ್ಕೆ ನೀವು ಏನು ಮಾಡಿದ್ದೀರಿ, ಅದರ ವರದಿ ಕಳಿಸಿ. ನಾವು ಏನೂ ಮಾಡಿರಲಿಲ್ಲ. ಆಯುಧಪೂಜೆಗೆ ಬೂಂದಿ ಹಂಚಿದ್ದನ್ನು ಬರೆದು ಕಳಿಸಲಾದೀತೆ? ಕಂಪನಿಯ ಕಷ್ಟದ ಕಾಲ ಅದು. ಆ ಆರ್ಡರು ಬಾರದಿದ್ದರೆ ಹೊಸ ಕಟ್ಟಡಕ್ಕೇ ಬೀಗ ಬೀಳುತ್ತದೆ ಎಂದು ಎಲ್ಲರೂ ಪಿಸುಗುಡುತ್ತಿದ್ದರು. ನನಗೆ ಕೆಲಸ ಸಿಕ್ಕಿ ವರ್ಷವೂ ತುಂಬಿರಲಿಲ್ಲ. ಏನಾದರೂ ಮಾಡಿ ತೋರಿಸುವ ಹಟ.

ಬಾಲವಾಡಿಯ ಯೋಚನೆ ನನ್ನದೇ. ಕೂಲಿಯವರ ಮಕ್ಕಳು ಮರಳಿನ ಗುಡ್ಡೆಯ ಮೇಲೆ ಮಲಗಿರುವುದನ್ನು ಬಸ್ಸಿನ ಕಿಟಕಿಯಿಂದ ದಿನಾ ನೋಡುತ್ತಿದ್ದೆ. ಮೊದಲಿಗೆ ಅದು ನಿಜವಾದ ಯೋಚನೆಯೇ ಆಗಿತ್ತು — ಹೀಗೆ ಬರೆದರೆ ಸಮರ್ಥನೆ ಆಗುತ್ತದೆಯೋ ಏನೋ. ಆಗುವುದಾದರೆ ಈ ಸಾಲನ್ನು ನೀನೇ ಹೊಡೆದುಹಾಕು.

ಕಾಂಪೌಂಡಿನ ಮೂಲೆಯಲ್ಲಿ ಒಂದು ಹಳೆಯ ಉಗ್ರಾಣವಿತ್ತು. ಅದಕ್ಕೆ ಸುಣ್ಣ ಬಳಿಸಿ, ಗೋಡೆಗೆ ನವಿಲು, ಮೊಲ ಬರೆಸಿದೆವು. ಹಿಂದಿನ ಬೀದಿಗೆ, ನಿಮ್ಮ ಶೆಡ್ಡುಗಳ ಕಡೆಗೆ ತೆರೆಯುವ ಒಂದು ಬಾಗಿಲಿತ್ತು. ಅದಕ್ಕೆ ನೀಲಿ ಬಣ್ಣ. ಬೊಮ್ಮನಹಳ್ಳಿಯ ಶಾಮಿಯಾನದವನು ಕುರ್ಚಿ, ಜಮಖಾನದ ಜೊತೆಗೆ ಆಟಿಕೆಗಳನ್ನೂ ಬಾಡಿಗೆಗೆ ತಂದುಕೊಟ್ಟ. ಹೌದು, ಬಾಡಿಗೆಗೆ. ಹುಟ್ಟುಹಬ್ಬದ ಮನೆಗಳಿಗೆ ಕೊಡುತ್ತಾನಂತೆ. ಶೆಡ್ಡುಗಳಿಂದ ಹತ್ತಾರು ಮಕ್ಕಳನ್ನು ಕರೆಸಿ, ಮುಖ ತೊಳೆಸಿ, ಹಳದಿ ಅಂಗಿ ತೊಡಿಸಿ ಕೂರಿಸಿದೆವು.

ಉಳಿದ ಮಕ್ಕಳು ಕ್ಯಾಮೆರಾ ಕಂಡು ಬೆಪ್ಪಾಗಿ ಕೂತವು. ನೀನೊಬ್ಬಳು ಅದರ ಕಡೆ ತಿರುಗಿಯೂ ನೋಡಲಿಲ್ಲ. ಮರದ ಕೆಂಪು ಬಾತುಕೋಳಿಯೊಂದರ ಮೇಲೆ ನಿನ್ನ ಕಣ್ಣು. ಅದರತ್ತ ಬಲಗೈ ಚಾಚಿದೆ, ಐದೂ ಬೆರಳು ಅರಳಿಸಿಕೊಂಡು. ಹಿಂದೆ ಕೂತಿದ್ದ ನಿನ್ನ ಅವ್ವ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕರು. ಆ ಗಳಿಗೆ ಫೋಟೋಗ್ರಾಫರ್ ಕ್ಲಿಕ್ ಮಾಡಿದ. “ಸಕ್ಕತ್ತಾಗ್ ಬಂತು ಮೇಡಂ, ಕವರ್‌ಗೆ ಇದೇ” ಅಂದ. ನನಗೂ ಹಿಗ್ಗೋ ಹಿಗ್ಗು.

ಮಧ್ಯಾಹ್ನ ಶಾಮಿಯಾನದವನ ಟೆಂಪೋ ಬಂತು. ಎಲ್ಲ ತುಂಬಿದರು. ನೀನು ಬಾತುಕೋಳಿಯನ್ನು ಬಿಡಲೊಲ್ಲೆ. ಒಂದೇ ಸಮನೆ ಅಳು. “ಅಕ್ಕಾ, ಸಂಜೆ ಇನ್ನೊಂದ್ ಆರ್ಡರ್ ಐತೆ, ಬೇಗ” ಎಂದು ಅವನು ನನಗೆ ಗಂಟುಬಿದ್ದ. ನಿನ್ನ ಅವ್ವ ನಿನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು. ಒಂದು ಬಾತುಕೋಳಿಯ ಬೆಲೆ ಅವನ ಕೈಗಿಟ್ಟು ಅದನ್ನು ನಿನಗೇ ಬಿಡಬಹುದಿತ್ತು. ನನಗೆ ಹೊಳೆಯಲೇ ಇಲ್ಲ. ಗಡಿಯಾರ ನೋಡಿಕೊಳ್ಳುತ್ತ ನಿಂತಿದ್ದೆ.

ಆ ಮಧ್ಯಾಹ್ನವೇ ನಮ್ಮ ವಿಭಾಗದ ಮುಖ್ಯಸ್ಥರು ನನ್ನನ್ನು ಕರೆದು ಹೇಳಿದ್ದರು — “ಮೊದ್ಲು ರಿಪೋರ್ಟ್ ಪ್ರಿಂಟ್ ಆಗ್ಲಿ ಕಣ್ರೀ. ಆಯಾ, ಹಾಲು, ಪರ್ಮಿಷನ್ನು ಅವೆಲ್ಲಾ ಮುಂದಿನ ವರ್ಷ ನೋಡ್ಕೊಳ್ಳೋಣ.” ಮುಂದಿನ ವರ್ಷ. ಆ ಮಾತು ಕಿವಿಯಲ್ಲಿ ಇನ್ನೂ ಹಸಿಯಾಗಿರುವಾಗಲೇ ನಿನ್ನ ಅವ್ವ ನನ್ನ ಹತ್ತಿರ ಬಂದರು. ನೀನು ಹೆಗಲ ಮೇಲೆ ಬಿಕ್ಕುತ್ತಿದ್ದೆ.

“ಮೇಡಂನೋರ, ಬಾಗಲಾ ಯಾವಾಗ ತಗೀತಾರ್ರಿ?”

“ಸೋಮವಾರದಿಂದ” ಎಂದೆ.

ಯಾಕೆ ಹಾಗೆಂದೆ? ಇಷ್ಟು ವರ್ಷ ಕೇಳಿಕೊಂಡಿದ್ದೇನೆ. ಅವರು ನಕ್ಕು ಕೇಳಿದ್ದರು, ನಗುವವರ ಮುಂದೆ ಇಲ್ಲ ಅನ್ನಲು ನಾಲಿಗೆ ಹೊರಳಲಿಲ್ಲ — ಇದು ನಾನು ನನಗೇ ಹೇಳಿಕೊಂಡ ಉತ್ತರ. ಸುಳ್ಳು. ಅವರನ್ನು ಬೇಗ ಅಲ್ಲಿಂದ ಸಾಗಹಾಕಬೇಕಾಗಿತ್ತು, ಅಷ್ಟೆ. ಸೋಮವಾರ ಎನ್ನುವುದು ಬಾಯಿಗೆ ಸುಲಭವಾಗಿ ಬರುವ ವಾರ.

ನಿನ್ನ ಅವ್ವ ಆ ಮಾತನ್ನು ನಂಬಿ ಅಜ್ಜಿಯನ್ನು ಊರಿಗೆ ಕಳಿಸಿಬಿಟ್ಟರು. ಊರಲ್ಲಿ ನಿನ್ನ ಚಿಕ್ಕಮ್ಮನ ಬಾಣಂತನವಿತ್ತಂತೆ. ಕೂಸಿಗೆ ಈಗ ಬಾಲವಾಡಿ ಆಯಿತಲ್ಲ, ನೀ ಹೋಗವ್ವ ಅಂದರಂತೆ. ಈ ಸಂಗತಿ ನನಗೆ ಆಮೇಲೆ ತಿಳಿಯಿತು. ಆದರೆ ಮೊದಲೇ ತಿಳಿದಿದ್ದರೂ ಬೇರೆ ಏನು ಮಾಡುತ್ತಿದ್ದೆನೋ — ನನ್ನ ಮೇಲೆ ನನಗೆ ಅಷ್ಟು ನಂಬಿಕೆ ಇಲ್ಲ.

ಸೋಮವಾರ ಬೆಳಿಗ್ಗೆ ನಮ್ಮ ಬಸ್ಸು ಆ ಹಿಂದಿನ ಬೀದಿಯಿಂದಲೇ ಬಂತು. ನೀಲಿ ಬಾಗಿಲಿನ ಮುಂದೆ ನಿನ್ನ ಅವ್ವ ಕೂತಿದ್ದರು. ನಿನಗೆ ಅದೇ ಹಳದಿ ಅಂಗಿ, ಎಣ್ಣೆ ಹಚ್ಚಿ ಬಾಚಿದ ತಲೆ. ಪಕ್ಕದಲ್ಲಿ ಒಂದು ಬಟ್ಟೆಯ ಗಂಟು — ನಿನ್ನ ಊಟವಿರಬೇಕು. ಬಸ್ಸಿನ ಸದ್ದಿಗೆ ಅವರು ತಲೆ ಎತ್ತಿದರು. ನಾನು ತಲೆ ತಗ್ಗಿಸಿ ವ್ಯಾನಿಟಿ ಬ್ಯಾಗಿನಲ್ಲಿ ಏನೋ ಹುಡುಕತೊಡಗಿದೆ. ಏನೂ ಕಳೆದಿರಲಿಲ್ಲ.

ಸ್ವಲ್ಪ ಹೊತ್ತಿಗೆ ಗೇಟಿನಿಂದ ಫೋನು ಬಂತು. ಕಾವಲಿಗಿದ್ದವನು ಆನೇಕಲ್ ಕಡೆಯ ಮುನಿಯಪ್ಪ, ಪಾಪದ ಮನುಷ್ಯ. “ಮೇಡಂ, ಆಯಮ್ಮ ಮಗೀನ ಎತ್ಕೊಂಡು ಬಂದು ಬಾಗ್ಲತ್ರ ಕುಂತವ್ಳೆ. ನೀವೇ ಯೋಳಿದ್ರಂತೆ. ಏನಂತ ಯೋಳ್ಲಿ?”

ಬಾಲವಾಡಿ ಇಲ್ಲ ಎಂದು ಹೇಳಿಸಬಹುದಿತ್ತು. ಹೇಳಿಸಿದರೆ ಶೆಡ್ಡಿನ ತುಂಬ ಸುದ್ದಿಯಾಗುತ್ತದೆ, ಗುತ್ತಿಗೆದಾರನ ಕಿವಿಗೆ ಬೀಳುತ್ತದೆ, ಗಿರಾಕಿಯ ಕಡೆಯವರು ನೋಡಲು ಬಂದಾಗ ಯಾರಾದರೂ ಬಾಯಿಬಿಟ್ಟರೆ — ಇಷ್ಟೂ ಒಂದು ಉಸಿರಿನಲ್ಲಿ ನನ್ನ ತಲೆಯಲ್ಲಿ ಓಡಿತು. ನಾನು ಹೇಳಿದ್ದು ಇದು:

“ಜನನ ಪ್ರಮಾಣಪತ್ರ ತಂದಿದಾಳಾ ಕೇಳಿ. ಇಲ್ಲ ಅಂದ್ರೆ ಸೇರಿಸ್ಕೊಳ್ಳೋಕಾಗಲ್ಲ ಅಂತ ಹೇಳಿ. ಮಿಕ್ಕ ಮಕ್ಕಳದು ಎಲ್ಲಾ ಆಗಿದೆ ಅನ್ನಿ.”

ಮಿಕ್ಕ ಮಕ್ಕಳದು ಎಲ್ಲಾ ಆಗಿದೆ. ಆ ಕೊನೆಯ ಮಾತು ಬೇಕಿರಲಿಲ್ಲ, ರೇಣುಕಾ. ನಂಬಿಕೆ ಬರಲಿ ಎಂದು ಸೇರಿಸಿದೆ, ವರದಿಯಲ್ಲಿ ಒಂದು ವಾಕ್ಯವನ್ನು ಗಟ್ಟಿ ಮಾಡುವ ಹಾಗೆ. ನೀನು ಹುಟ್ಟಿದ್ದು ಊರಿನ ಮನೆಯಲ್ಲಿ, ಸೂಲಗಿತ್ತಿಯ ಕೈಯಲ್ಲಿ. ಪ್ರಮಾಣಪತ್ರ ಎಲ್ಲಿಂದ ಬರಬೇಕು? ಇರಲಾರದು ಎಂದು ಗೊತ್ತಿದ್ದೇ ಅದನ್ನು ಕೇಳಿಸಿದೆ.

ಮಿಕ್ಕ ಮಕ್ಕಳೆಂದರೆ ಕಾರ್ಖಾನೆಯವರ ಮಕ್ಕಳು ಎಂದು ನಿನ್ನ ಅವ್ವ ತಿಳಿದರಂತೆ, ಅದಕ್ಕೇ ಶೆಡ್ಡಿನ ಮಕ್ಕಳೆಲ್ಲ ಹೊರಗೇ ಇದ್ದರೂ ಅವರಿಗೆ ಅನುಮಾನ ಬರಲಿಲ್ಲ. ಮುಂದಿನ ಹಬ್ಬಕ್ಕೆ ಊರಿಗೆ ಹೋದಾಗ ಹೇಗಾದರೂ ಮಾಡಿಸಿಕೊಂಡು ಬರುತ್ತೇನೆ ಎಂದು ನಿನ್ನ ಅವ್ವ ಮುನಿಯಪ್ಪನಿಗೆ ಹೇಳಿದರಂತೆ. ಅಲ್ಲಿಯವರೆಗೆ ನಿನ್ನನ್ನು ಕೆಲಸದ ಜಾಗಕ್ಕೇ ಕರೆದೊಯ್ದರು. ಬೇರೆ ದಾರಿ ಎಲ್ಲಿತ್ತು? ಆ ವಾರ ಮುಗಿಯುವುದರೊಳಗೆ, ಗೋಡೆಗೆ ಒರಗಿಸಿಟ್ಟಿದ್ದ, ಕಾಂಕ್ರೀಟಿನ ಅಡಿಗೆ ಹಾಸುವ ಸೆಂಟ್ರಿಂಗ್ ತಗಡುಗಳು ಜಾರಿ ನಿನ್ನ ಬಲಗೈ ಮೇಲೆ ಬಿದ್ದವು.

ಆ ಕೂಗು ಕಟ್ಟಡದ ಈಚೆಗೂ ಕೇಳಿಸಿತು. ಊಟದ ಹೊತ್ತು. ನನ್ನ ತಟ್ಟೆಯಲ್ಲಿ ಚಪಾತಿ ಇತ್ತು. ಯಾರೋ “ಲೇಬರ್ ಮಗು, ಕೈಗೆ ಪೆಟ್ಟಂತೆ” ಅಂದರು. ಯಾವ ಮಗು ಎಂದು ಯಾರೂ ಹೇಳುವ ಮೊದಲೇ ನನಗೆ ಗೊತ್ತಾಗಿತ್ತು. ಎದ್ದು ಓಡಲಿಲ್ಲ. ಕೂತೇ ಇದ್ದೆ.

ಇನ್ನೊಂದು ಮಾತಿದೆ. ಇದನ್ನು ನನ್ನ ಗಂಡನಿಗೂ ಹೇಳಿಲ್ಲ.

ಸಂಜೆ ಮುಖ್ಯಸ್ಥರು ಕರೆದರು. ಕೆಟ್ಟ ಮನುಷ್ಯರಲ್ಲ ಅವರು, ಮುಖ ಬಾಡಿತ್ತು. ವರದಿ ಆಗ ಅಚ್ಚಿಗೆ ಹೋಗುವುದರಲ್ಲಿತ್ತು. “ಅದೇ ಮಗು ಅಲ್ವೇನ್ರೀ ಕವರ್ ಮೇಲೆ? ಫೋಟೋ ಬದಲಾಯಿಸಿಬಿಡೋಣ್ವಾ?” ಎಂದು ಕೇಳಿದರು. ಅಳುಕಿದವರು ಅವರು. ನಾನು ಅಳುಕಲಿಲ್ಲ.

“ಬೇಡ ಸಾರ್. ಫೋಟೋದಲ್ಲಿ ಕೈ ಚೆನ್ನಾಗೇ ಇದೆಯಲ್ಲ” ಎಂದೆ.

ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ಸಹಿ ಹಾಕಿದರು.

ನಿನ್ನ ಎರಡು ಬೆರಳು ಮತ್ತೆ ಮಡಚಲು ಬರಲಿಲ್ಲ. ನಿನ್ನ ಅಪ್ಪ ನಿನ್ನನ್ನು ಊರಿಗೆ, ಅಜ್ಜಿಯ ಹತ್ತಿರ ಬಿಟ್ಟು ಬಂದರು. ನೀಲಿ ಬಾಗಿಲಿನ ಕೋಣೆಯಲ್ಲಿ ಮತ್ತೆ ವೈರಿನ ಸುರುಳಿ ತುಂಬಿದರು. ಗೋಡೆಯ ಮೊಲ, ನವಿಲು ಅದರ ಹಿಂದೆ ಹಾಗೇ ಇದ್ದವು.

ಆ ವರದಿಗೆ ನಾನು ಇಟ್ಟ ಹೆಸರು ‘ದಾಸೋಹ’. ನಮ್ಮ ಮನೆತನದಲ್ಲಿ ಆ ಪದವನ್ನು ಸುಮ್ಮನೆ ಬಾಯಿಗೆ ತಂದುಕೊಳ್ಳುವುದಿಲ್ಲ. ಕೊಡುವಾಗ ಕೊಡುತ್ತಿದ್ದೇನೆ ಎನ್ನುವ ಭಾವವೂ ಇರಬಾರದು, ಅದು ದಾಸೋಹ — ದಾವಣಗೆರೆಯಲ್ಲಿ ಅಪ್ಪಾಜಿ ನನಗೆ ಚಿಕ್ಕಂದಿನಲ್ಲೇ ಹೇಳಿಕೊಟ್ಟಿದ್ದರು. ನಾನು ಆ ಪದವನ್ನು ಎತ್ತಿ ನಿನ್ನ ಫೋಟೋದ ಮೇಲೆ ಬಂಗಾರದ ಬಣ್ಣದಲ್ಲಿ ಅಚ್ಚು ಹಾಕಿಸಿದೆ.

ಗಿರಾಕಿ ಮೆಚ್ಚಿದ. ಆರ್ಡರು ಬಂತು. ಆರ್ಡರಿನ ಸುದ್ದಿಗೆ ಷೇರು ಏರಿತು, ಸಾಲ ಕೊಡುವ ಬ್ಯಾಂಕು ಸಲೀಸಾಗಿ ಕೊಟ್ಟಿತು, ಹೊಸ ಕಟ್ಟಡ ಮುಗಿದು ಅದರಲ್ಲಿ ನೂರಾರು ಜನಕ್ಕೆ ಕೆಲಸವೂ ಸಿಕ್ಕಿತು. ಅದು ಸುಳ್ಳಲ್ಲ, ಅದೇ ನನ್ನ ಪೀಡೆ. ದೊಡ್ಡ ಸಭೆಯಲ್ಲಿ ನಮ್ಮ ನಿರ್ದೇಶಕರು ವರದಿಯನ್ನು ಎತ್ತಿ ಹಿಡಿದು, ಈ ಮಗುವಿನ ಕೈ ನಮ್ಮ ಕಂಪನಿಯನ್ನು ಮೇಲೆತ್ತಿತು ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಆಮೇಲೆ ನನಗೊಂದು ಹೆಸರು ಬಂತು ನೋಡು. ಮ್ಯಾನೇಜ್‌ಮೆಂಟ್ ಕಾಲೇಜುಗಳವರು ಉಪನ್ಯಾಸಕ್ಕೆ ಕರೆಯತೊಡಗಿದರು. ಪರದೆಯ ಮೇಲೆ ಎರಡು ಗೆರೆ ತೋರಿಸುತ್ತಿದ್ದೆ: ಒಂದು ಕಂಪನಿ ಮಾಡಿದ ಒಳ್ಳೆಯ ಕೆಲಸ, ಇನ್ನೊಂದು ಅದರ ಲಾಭ. ಎರಡೂ ಜೊತೆಜೊತೆಗೆ ಏರುತ್ತವೆ, ಒಳ್ಳೆಯದು ಮಾಡುವ ಕಂಪನಿಗೆ ಒಳ್ಳೆಯದೇ ಆಗುತ್ತದೆ ಅನ್ನುತ್ತಿದ್ದೆ. ಒಮ್ಮೆ ಒಬ್ಬ ಹುಡುಗಿ ಎದ್ದು ಕೇಳಿದಳು — “ಮೇಡಂ, ಒಳ್ಳೇದು ಮಾಡಿದ್ದಕ್ಕೆ ಲಾಭ ಬರುತ್ತಾ, ಇಲ್ಲಾ ಲಾಭ ಬಂದ್ಮೇಲೆ ಒಳ್ಳೇದು ಮಾಡ್ತಾರಾ? ಯಾವ್ದು ಮೊದ್ಲು?” ನಾನು ಏನೋ ಜಾಣತನದ ಉತ್ತರ ಕೊಟ್ಟೆ, ಎಲ್ಲರೂ ನಕ್ಕರು. ನಮ್ಮಲ್ಲಿ ಮೊದಲು ಬಂದದ್ದು ಎರಡೂ ಅಲ್ಲ. ಮೊದಲು ಬಂದದ್ದು ಫೋಟೋ. ಇದನ್ನು ಆ ಹುಡುಗಿಗೆ ಹೇಳಲಾಗಲಿಲ್ಲ.

ಅಪ್ಪಾಜಿ ಆ ವರದಿಯನ್ನು ದೇವರ ಜಗಲಿಯ ಮೇಲೆ ಇಟ್ಟುಕೊಂಡಿದ್ದರು. ನಾನು ದಾವಣಗೆರೆಗೆ ಹೋದಾಗಲೆಲ್ಲ ಕೇಳುವರು: “ಆ ಕೂಸು ದಿನಾ ಬರ್ತೈತೇನವ್ವ?” “ಹೂಂ ಅಪ್ಪಾಜಿ, ಬರುತ್ತೆ” ಅನ್ನುತ್ತಿದ್ದೆ. ನೀನು ದೊಡ್ಡವಳಾಗುವ ಲೆಕ್ಕವನ್ನೂ ಅವರು ಇಡುತ್ತಿದ್ದರು. ಈಗ ಶಾಲೆಗೆ ಸೇರಿರಬೇಕಲ್ಲ, ಈಗ ಓದಲು ಬರೆಯಲು ಕಲಿತಿರಬೇಕಲ್ಲ ಅಂತ. ನಿನ್ನನ್ನು ನೆನೆದುಕೊಂಡೇ ತೀರಿಹೋದರು. ಅವರ ಮುಂದೆಯೂ ನಾನು ಬಾಯಿಬಿಡಲಿಲ್ಲ.

ಬೆಳಿಗ್ಗೆ ಪೂಜೆಗೆ ಕೂತು ಎಡ ಅಂಗೈಯಲ್ಲಿ ಲಿಂಗವನ್ನು ಇಟ್ಟುಕೊಂಡು ದೃಷ್ಟಿ ನಿಲ್ಲಿಸಬೇಕು. ನಿಲ್ಲುವುದಿಲ್ಲ. ನನ್ನ ಅಂಗೈಯೇ ಕಾಣುತ್ತದೆ, ಬೆರಳುಗಳೇ ಕಾಣುತ್ತವೆ, ಆಮೇಲೆ ಅವು ಪುಟ್ಟವಾಗುತ್ತವೆ. ಕಣ್ಣು ಮುಚ್ಚಿದರೆ ಇನ್ನೂ ಹತ್ತಿರ. ಆಫೀಸಿಗೆ ಬಂದರೆ ಲಾಬಿಯ ಗೋಡೆಯ ಮೇಲೆ ನೀನೇ — ಆಳೆತ್ತರದ ಚಿತ್ರ, ಕೈ ಚಾಚಿಕೊಂಡು. ಮೊದಮೊದಲು ಆ ಕೈ ಬಾತುಕೋಳಿಯ ಕಡೆ ಚಾಚಿದಂತೆ ಕಾಣುತ್ತಿತ್ತು. ಕೆಲವು ವರ್ಷಗಳಿಂದ ಅದು ನನ್ನ ಕಡೆ ತಿರುಗಿದೆ. ಹುಚ್ಚು ಎನ್ನಬಹುದು ನೀನು. ನಾನು ಹಿಂದಿನ ಬಾಗಿಲಿನಿಂದ ಓಡಾಡತೊಡಗಿದೆ.

ಹೋದ ತಿಂಗಳು ನೀನು ಆ ಲಾಬಿಗೆ ಬಂದೆ. ಸಂದರ್ಶನದ ಕೋಣೆಗೆ ಬಂದವಳೇ, ಕೂಡುವ ಮೊದಲೇ ಹೇಳಿದೆ — “ಸರ್, ಕೆಳಗ ಗ್ವಾಡಿ ಮ್ಯಾಲ ಇರೋ ಕೂಸು ನಾನೇ ರೀ.”

ನನ್ನ ಅಕ್ಕಪಕ್ಕದವರಿಗೆ ಸಂಭ್ರಮವೋ ಸಂಭ್ರಮ. ಪ್ರಚಾರ ವಿಭಾಗದವನು ಕುರ್ಚಿಯಿಂದ ಎದ್ದೇಬಿಟ್ಟ. ಅಂದು ಬಾಲವಾಡಿಯ ಕೂಸು, ಇಂದು ಇಂಜಿನಿಯರಿಂಗ್ ಸೇರುವ ಹುಡುಗಿ — ಈ ವರ್ಷದ ವರದಿಗೆ ಇದಕ್ಕಿಂತ ಬೇಕೇ? ಆ ಚಿತ್ರದ ಪಕ್ಕದಲ್ಲೇ ನಿಲ್ಲಿಸಿ, ಹಾಗೇ ಕೈ ಚಾಚಿಸಿ ಫೋಟೋ ತೆಗೆಯೋಣ ಅಂದ. ನೀನು ಬಲಗೈಯನ್ನು ದುಪಟ್ಟಾದ ಒಳಗೆ ಎಳೆದುಕೊಂಡೆ. ಏನಾಯಿತಮ್ಮ ಕೈಗೆ ಎಂದು ಇನ್ನೊಬ್ಬರು ಕೇಳಿದರು.

ನೀನು ಹೇಳಿದ್ದು ನನಗೆ ಅಕ್ಷರ ಅಕ್ಷರ ನೆನಪಿದೆ. “ನಾ ಒಂದಿನನೂ ಬಾಲವಾಡಿಗಿ ಹೋಗಿಲ್ರಿ. ನಮ್ಮವ್ವ ಕಾಗದ ತಂದಿರ್ಲಿಲ್ಲ. ಬ್ಯಾರೆ ಹುಡುಗುರೆಲ್ಲ ಒಳಗ ಆಡ್ತಿದ್ರು, ನಾ ಹೊರಗ ಇದ್ದೆ. ಒಂದು ಕಾಗದ್ರೀ ಸರ್. ಒಂದು ಕಾಗದ ಮಾಡಿಸಲಾಕ ಆಗಲಿಲ್ಲ ಆಕಿಗಿ.” ಆಮೇಲೆ ಸಣ್ಣಗೆ ನಕ್ಕು, “ಅದಕ್ಕ ನಾ ಎಲ್ಲಾ ಕಾಗದ ಮೂರು ಮೂರು ಝೆರಾಕ್ಸ್ ಇಟ್ಕೊಂಡೇ ಅಡ್ಡಾಡ್ತೀನ್ರಿ” ಅಂದೆ. ಅವರಿಬ್ಬರೂ ನಕ್ಕರು.

ಅವ್ವ ಎಲ್ಲಿದ್ದಾರೆ ಎಂದು ನಾನು ಕೇಳಿದೆ. ಬೊಮ್ಮನಹಳ್ಳಿಯಲ್ಲಿ, ಗಾರ್ಮೆಂಟಿನಲ್ಲಿ ಕಸ ಗುಡಿಸುತ್ತಾಳೆ ಅಂದೆ ನೀನು. ಅಲ್ಲಿಗೆ ಹೋಗುತ್ತೀಯೇನಮ್ಮ ಈಗ ಎಂದರೆ, “ಇಲ್ರಿ, ರೈಲಿಗಿ ಹೊತ್ತಾಗ್ತದ” ಎಂದೆ. ಗಂಟೆ ಇನ್ನೂ ಹನ್ನೊಂದು. ಯಾದಗಿರಿಯ ರೈಲು ರಾತ್ರಿಗೆ ಎಂದು ನನಗೂ ಗೊತ್ತಿತ್ತು.

ಅಲ್ಲಿ, ಆ ಮೇಜಿನ ಮುಂದೆಯೇ ಹೇಳಬೇಕಿತ್ತು. ನೀನು ಕದ ದಾಟುವವರೆಗೂ ಬಾಯಿ ತೆರೆಯುತ್ತೇನೆ, ತೆರೆಯುತ್ತೇನೆ ಎಂದು ಕೂತಿದ್ದೆ. ಮತ್ತೆ ತಲೆ ತಗ್ಗಿಸಿ ಬ್ಯಾಗಿನಲ್ಲಿ ಏನೋ ಹುಡುಕಿದೆ, ರೇಣುಕಾ. ಅದೇ ಕೆಲಸ. ನಿನಗೆ ಸಿಕ್ಕ ವಿದ್ಯಾರ್ಥಿವೇತನ ನಿನ್ನ ಅಂಕಗಳಿಗೆ ಸಿಕ್ಕಿದ್ದು, ಅದರಲ್ಲಿ ನನ್ನ ಕೈವಾಡ ಇಲ್ಲ. ಇದನ್ನು ಓದಿ ಅದನ್ನು ಬೇಡ ಅನ್ನಬೇಡ.

ಹೋದ ಭಾನುವಾರ ನಾನು ಬೊಮ್ಮನಹಳ್ಳಿಗೆ ಹೋದೆ. ಗಾರ್ಮೆಂಟಿನ ಹಿಂದಿನ ಗಲ್ಲಿಯಲ್ಲಿ, ಶೀಟು ಹಾಕಿದ ಒಂದೇ ಕೋಣೆ. ನಿನ್ನ ಅಪ್ಪ ಕೆಲಸದ ಮೇಲೆ ಹೊಸೂರಿನ ಕಡೆ ಹೋಗಿದ್ದರು. ಅವ್ವ ನನ್ನ ಗುರುತು ಹಿಡಿದರು. “ಬರ್ರಿ ಮೇಡಂನೋರ” ಎಂದು ಪ್ಲಾಸ್ಟಿಕ್ ಕುರ್ಚಿಯನ್ನು ಸೆರಗಿನಿಂದ ಒರೆಸಿಟ್ಟರು. ಎದುರು ಗೋಡೆಯ ಮೇಲೆ ನನ್ನ ವರದಿಯ ಮುಖಪುಟ — ಗಾಜು ಹಾಕಿಸಿ, ಚೌಕಟ್ಟು ಕಟ್ಟಿಸಿ. ಆ ಕಾಲದಲ್ಲೇ ಮುನಿಯಪ್ಪ ಹರಿದು ಕೊಟ್ಟಿದ್ದನಂತೆ. ನೀವಿಬ್ಬರೂ ಜೊತೆಗಿರುವ ಬೇರೆ ಫೋಟೋ ಅವರ ಹತ್ತಿರ ಇಲ್ಲ. ನಿನ್ನ ಕೈ ನೆಟ್ಟಗಿರುವ ಫೋಟೋ ಅಂತೂ ಇನ್ನೊಂದು ಇಲ್ಲ.

ಚಹಾಕ್ಕೆ ಇಟ್ಟರು. ಒಲೆಯ ಕಡೆ ಮುಖ ಮಾಡಿಕೊಂಡೇ ಅಂದರು, “ನೀವು ಮಾಡಿದ್ದು ದೊಡ್ಡದ್ರಿ. ನಮ್ಮ ನಸೀಬು ಖೊಟ್ಟಿ. ನಾ ಆ ಕಾಗದ ತರಬೇಕಿತ್ತು.” ನಾನು ಇನ್ನು ತಡೆಯಲಾರದೆ, ಕುರ್ಚಿಯಿಂದ ಇಳಿದು ನೆಲದ ಮೇಲೆ ಕೂತು, ಎಲ್ಲವನ್ನೂ ಹೇಳಿದೆ. ಬಾಡಿಗೆಯ ಆಟಿಕೆ, ಸೋಮವಾರ, ಪ್ರಮಾಣಪತ್ರ, ವೈರಿನ ಸುರುಳಿ. ಫೋಟೋದಲ್ಲಿ ಕೈ ಚೆನ್ನಾಗೇ ಇದೆ ಎಂದದ್ದನ್ನೂ ಹೇಳಿದೆ. ಚಹಾ ಉಕ್ಕಿ ಒಲೆಯ ಮೇಲೆಲ್ಲ ಹರಿಯಿತು. ಇಬ್ಬರೂ ಏಳಲಿಲ್ಲ.

ಬೈಯುತ್ತಾರೆ ಅಂದುಕೊಂಡೆ. ಹೊಡೆದರೂ ಸರಿ ಅಂದುಕೊಂಡಿದ್ದೆ. ಅವರು ಗೋಡೆಯ ಫೋಟೋದ ಕಡೆ ತಿರುಗಿದರು. ಆಮೇಲೆ ಕೇಳಿದರು:

“ಹಂಗಾದ್ರ ಒಳಗ ಹುಡುಗುರು ಇರ್ಲಿಲ್ಲೇನ್ರಿ?”

“ಇರಲಿಲ್ಲ ಶರಣಮ್ಮನವರೇ. ಒಂದು ಮಗುವೂ ಇರಲಿಲ್ಲ.”

“ಹ್ಯಾಂಗ ಆಗ್ತದ್ರಿ ಅದು? ನಾ ಕೇಳೀನಲ್ಲ. ಆ ಸೋಮವಾರ ಬಾಗಲಿಗಿ ಕಿವಿ ಹಚ್ಚಿ ಕೂತಿದ್ದೆ. ಒಳಗ ಹುಡುಗುರು ನಗ್ಲತ್ತಿದ್ರು. ಆಟದ ಸಾಮಾನು ಸಪ್ಪಳಾನೂ ಕೇಳೀನಿ. ರೇಣಿನ್ನ ತೊಡಿ ಮ್ಯಾಲ ಕುಂದ್ರಿಸ್ಕೊಂಡು, ಕೇಳವ್ವ, ಹಬ್ಬ ಆದ ಮ್ಯಾಲ ನೀನೂ ಒಳಗ ಹೋಗಾಕಿ ಅಂದಿದ್ದೆ.” ದನಿ ಕುಗ್ಗಿತು. “ಇವತ್ತಿಗೂ ಕೇಳ್ತಾವ್ರಿ ನನಗ. ಗಾರ್ಮೆಂಟಿನ್ಯಾಗ ಮಷೀನ್ ಬಂದ್ ಆದ ಕೂಡ್ಲೆ ಕೇಳ್ತಾವ.”

ಮಿಕ್ಕ ಮಕ್ಕಳದು ಎಲ್ಲಾ ಆಗಿದೆ — ಫೋನಿನಲ್ಲಿ ನಾನು ಸುಮ್ಮನೆ ಸೇರಿಸಿದ ಆ ಮಾತು. ಆ ಮಕ್ಕಳನ್ನು ನಾನು ಹುಟ್ಟಿಸಿ ಆ ಖಾಲಿ ಕೋಣೆಯೊಳಗೆ ಬಿಟ್ಟೆ. ಅವು ನಿನ್ನ ಅವ್ವನ ಕಿವಿಯೊಳಗೆ ಇಷ್ಟು ವರ್ಷ ನಕ್ಕವು. ನೀನು ಬೆಳೆದೆ, ಅವು ಬೆಳೆಯಲಿಲ್ಲ. ನನಗೆ ಅಲ್ಲಿಯೇ ಅಳು ಬಂತು. ಅವರ ಎದುರು ಅಳುವ ಹಕ್ಕೂ ನನಗಿಲ್ಲ ಎಂದು ಗೊತ್ತಿದ್ದರೂ ಬಂತು.

ಹೇಗಾದರೂ ಮಾಡಿ ಇದನ್ನು ರೇಣುಕಾಳಿಗೆ ಹೇಳಿ ಎಂದು ಬೇಡಿಕೊಂಡೆ. ಅವರು ಒಲ್ಲೆನೆಂದು ತಲೆಯಾಡಿಸಿದರು. “ನೀವೇ ಹೇಳ್ರಿ. ನಾ ಹೇಳಿದ್ರ, ತನ್ನ ತಪ್ಪು ಮುಚ್ಕೊಳ್ಳಾಕ ಹೇಳ್ಲತ್ತಾಳ ಅಂತಾಳ ಆಕಿ.” ಬಾಗಿಲವರೆಗೂ ಬಂದು ಕಳಿಸಿದರು. ಕ್ಷಮಿಸಿದೆ ಅನ್ನಲಿಲ್ಲ. ನಾನೂ ಕೇಳಲಿಲ್ಲ.

ಮರುದಿನವೇ ಆಫೀಸಿನಲ್ಲಿ ಎಲ್ಲವನ್ನೂ ಹೇಳಿದ್ದೇನೆ. ಹಿಂದಿನ ಮುಖ್ಯಸ್ಥರು ಈಗಿಲ್ಲ. ಈಗಿನವರು, “ಹಳೇದನ್ನ ಯಾಕ್ ಕೆದಕ್ತೀರಾ ಮೇಡಂ, ರಿಟೈರ್ ಆಗೋ ಹೊತ್ತಲ್ಲಿ” ಅಂದರು. ಈ ವರ್ಷದ ವರದಿಯಲ್ಲಿ ಇದು ಬರದಿದ್ದರೆ ಅದರಲ್ಲಿ ನನ್ನ ಹೆಸರೂ ಬರುವುದಿಲ್ಲ, ಹೊರಗೆ ಬೇರೆ ಕಡೆ ಬರೆಯುತ್ತೇನೆ ಎಂದಿದ್ದೇನೆ. ಏನು ಮಾಡುತ್ತಾರೋ ತಿಳಿಯದು. ಲಾಬಿಯ ಚಿತ್ರ ಇನ್ನೂ ಅಲ್ಲೇ ಇದೆ. ಈಗ ನಾನು ಮುಂದಿನ ಬಾಗಿಲಿನಿಂದಲೇ ಓಡಾಡುತ್ತಿದ್ದೇನೆ, ಅದನ್ನು ನೋಡಿಕೊಂಡೇ.

ಇದನ್ನು ಓದಿ ನನಗೆ ಉತ್ತರ ಬರೆಯಬೇಡ. ನನ್ನ ಮೇಲೆ ನಿನಗೆ ಎಷ್ಟು ಸಿಟ್ಟು ಬಂದರೂ ಅದು ಸಲ್ಲುತ್ತದೆ, ಅದಕ್ಕೆ ಆಮೇಲೆ ಹೊತ್ತಿದೆ. ಮೊದಲು ಅವ್ವನಿಗೆ ಫೋನು ಮಾಡು. ಎತ್ತಿದ ಕೂಡಲೇ ಹೇಳು — ಒಳಗೆ ಯಾರೂ ಇರಲಿಲ್ಲ ಅವ್ವ, ಅಂತ. ನಾನು ಹೇಳಿದ್ದನ್ನು ಅವರು ಇನ್ನೂ ನಂಬಿಲ್ಲ.